ಟವೆಲ್ಲಿನ ಕೆಳಗಿನ ತಣ್ಣನೆಯ ಕೈ

ದನದ ದಲ್ಲಾಳಿಯ ಕಸುಬಿಗೆ ಹೊಸದಾಗಿ ಬರುವವರಿಗಾಗಿ ನಾಲ್ಕು ಮಾತು ಬರೆದಿಡೋಣವೆಂದು ಕೂತಿದ್ದೇನೆ. ಬರುವವರು ಯಾರೂ ಇಲ್ಲವೆಂಬುದು ನನಗೂ ಗೊತ್ತು. ಈಗಿನವರು ಎತ್ತಿನ ಹಲ್ಲು ನೋಡುವುದಿಲ್ಲ, ಸೈಟಿನ ಉತಾರದ ಕಾಗದ ನೋಡುತ್ತಾರೆ. ಆದರೆ ದಲ್ಲಾಳಿ ದಲ್ಲಾಳಿಯೇ. ಎತ್ತು ಹೋಗಿ ಸೈಟು ಬಂದರೂ, ಹೊಟ್ಟೆಯಲ್ಲಿ ಒಂದನ್ನು ಇಟ್ಟುಕೊಂಡು ಬಾಯಲ್ಲಿ ಇನ್ನೊಂದನ್ನು ಆಡಿ, ಮುಖದ ಮೇಲೆ ಎರಡನ್ನೂ ತೋರಿಸದಿರುವ ವಿದ್ಯೆ ಹಾಗೇ ಇದೆ. ಈ ವಿದ್ಯೆಯಿಂದ ನಾನು ರಾಣೆಬೆನ್ನೂರಿನಲ್ಲಿ ಮನೆ ಕಟ್ಟಿದೆ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದೆ. ಇದೇ ವಿದ್ಯೆಯಿಂದ, ಅದನ್ನು ಕಲಿಸಿದ ಗುರುವನ್ನೇ ಹಾವೇರಿ ಸಂತೆಯಲ್ಲಿ, ಹಾಡಹಗಲು, ಅವರ ಕೈ ನನ್ನ ಕೈಯಲ್ಲಿ ಇರುವಾಗಲೇ ಸಾಯಿಸುವುದರಲ್ಲಿದ್ದೆ. ಮನೆ ಕಟ್ಟಿದ ಕಥೆಯನ್ನು ನೆಂಟರು ಹೇಳಿಕೊಂಡು ತಿರುಗುತ್ತಾರೆ. ಎರಡನೆಯದನ್ನು ನಾನೇ ಹೇಳಬೇಕು.

ಗುರುವಿನ ಹೆಸರು ಚನ್ನವೀರಪ್ಪ. ಸಂತೆಗೆಲ್ಲ ಚನ್ನೀರಣ್ಣ. ನಾನು ಅವರ ಬಳಿ ಹೋದಾಗ ನನ್ನ ಹತ್ತಿರ ಇದ್ದ ಆಸ್ತಿಯೆಂದರೆ ಒಂದು ಬಾರುಕೋಲು, ಅದೂ ಅಪ್ಪನದು. ಅಪ್ಪ ಊರವರ ದನ ಕಾಯುತ್ತಿದ್ದ. ಚನ್ನೀರಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮುದಿ ಎತ್ತನ್ನು ನೋಡಿದ ಹಾಗೆ ತುಟಿ ಸೊಟ್ಟ ಮಾಡಿದರು.

“ಮಾತು ಬರ್ತಾವೇನಲೇ?”

“ಭಾಳ ಬರ್ತಾವ್ರಿ.”

“ಹಂಗಾದ್ರ ಮೊದ್ಲ ಅವನ್ನ ಮರಿ.”

ಕೆಲಸಕ್ಕೆ ಸೇರಿದ್ದು ಹೀಗೆ.

ಟವೆಲ್ಲಿನ ವ್ಯಾಪಾರ ನೋಡದವರಿಗೆ ಅದನ್ನಿಷ್ಟು ಹೇಳಬೇಕು. ಮಾರುವವನ ಪರ ಒಬ್ಬ ದಲ್ಲಾಳಿ, ಕೊಳ್ಳುವವನ ಪರ ಇನ್ನೊಬ್ಬ. ಇಬ್ಬರೂ ಬಲಗೈ ಹಿಡಿದುಕೊಂಡು ಮೇಲೊಂದು ಟವೆಲು ಮುಚ್ಚುತ್ತಾರೆ. ಬಾಯಲ್ಲಿ ಸಾವಿರ ಅಥವಾ ನೂರು ಎಂದಷ್ಟೇ ಹೇಳುವುದು. ಎಷ್ಟು ಸಾವಿರ, ಎಷ್ಟು ನೂರು ಎಂಬುದನ್ನು ಬೆರಳು ಹೇಳುತ್ತದೆ. ಎರಡು ಬೆರಳು ಹಿಡಿದರೆ ಎರಡು, ಇಡೀ ಹಸ್ತ ಹಿಡಿದರೆ ಐದು. ಒಪ್ಪಿಗೆಯಾದರೆ ಒಮ್ಮೆ ಒತ್ತುವುದು, ಇಲ್ಲವಾದರೆ ಕೊಸರುವುದು. ಸುತ್ತ ಐವತ್ತು ಜನ ಕತ್ತು ಚಾಚಿ ನಿಂತಿದ್ದರೂ ಯಾರಿಗೂ ಏನೂ ತಿಳಿಯುವುದಿಲ್ಲ. ಟವೆಲ್ಲಿನಲ್ಲಿ ಆಡಿದ್ದನ್ನು ಮೂರನೆಯವನ ಮುಂದೆ ಬಾಯಿ ಬಿಟ್ಟು ಹೇಳಿದವನಿಗೆ ಆಮೇಲೆ ಸಂತೆಯಲ್ಲಿ ಯಾರೂ ಕೈ ಕೊಡುವುದಿಲ್ಲ. ಕಳ್ಳನಿಗೆ ಕ್ಷಮೆ ಉಂಟು, ಇವನಿಗಿಲ್ಲ.

ಚನ್ನೀರಣ್ಣನ ಪಾಠಶಾಲೆಯಲ್ಲಿ ಮುಖಕ್ಕೇ ಹೆಚ್ಚು ತಾಲೀಮು. ನಾನು ಗಿರಾಕಿಯೊಡನೆ ಮಾತಾಡುತ್ತಿರುವಾಗ ಹಿಂದಿನಿಂದ ತೊಡೆ ಚಿವುಟುತ್ತಿದ್ದರು. ಮುಖ ಅಲುಗಿದರೆ ಆ ದಿನದ ದಲ್ಲಾಳಿ ದುಡ್ಡಿನಲ್ಲಿ ಪಾಲಿಲ್ಲ. “ಗಿರಾಕಿ ರೇಟು ಹೇಳಿದಾಗ ನಿನ್ನ ಹುಬ್ಬು ಹಾರಿತಂದ್ರ, ಅದರ ಬೆನ್ನಿಗೆ ನಿನ್ನ ಅನ್ನಾನೂ ಹಾರಿತಂತ ತಿಳಕೋ,” ಎನ್ನುತ್ತಿದ್ದರು. ಒಮ್ಮೆ ವ್ಯಾಪಾರ ಕುದುರುವ ಹೊತ್ತಿಗೆ ಒಂದು ಖಿಲಾರಿ ಎತ್ತು ನನ್ನ ಕಾಲ ಮೇಲೆ ಕಾಲಿಟ್ಟಿತು. ನಾನು ಹೂಂ ಅನ್ನಲಿಲ್ಲ, ಹಾಂ ಅನ್ನಲಿಲ್ಲ. ವ್ಯಾಪಾರ ಮುಗಿಸಿ, ಗಿರಾಕಿಯನ್ನು ಕಳಿಸಿ, ಆಮೇಲೆ ನೋಡಿದರೆ ಹೆಬ್ಬೆರಳಿನ ಉಗುರು ಚಪ್ಪಲಿಯಲ್ಲೇ ಉಳಿದಿತ್ತು. ಚನ್ನೀರಣ್ಣ ಬೆನ್ನು ತಟ್ಟಿ, “ಈಗ ದಲ್ಲಾಳಿ ಆದಿ ನೋಡು,” ಎಂದರು. ಪದವಿ ಪಡೆದವನ ಹಾಗೆ ಕುಂಟುತ್ತ ಮನೆಗೆ ಬಂದೆ.

ಮನೆಯಲ್ಲಿ ನನ್ನ ಹೆಂಡತಿ ಶಾಂತವ್ವ ಅರಿಸಿನ ಹಚ್ಚುತ್ತ ಎಲ್ಲ ಕೇಳಿದಳು. ಅವಳಿಗೆ ಆ ಹೆಸರಿಟ್ಟವರು ಅವಳಿಗೆ ಮಾತು ಬರುವ ತನಕ ಕಾಯಬೇಕಿತ್ತು.

“ಎತ್ತಿಗರ ಬುದ್ಧಿ ಇಲ್ಲ, ಕಾಲಿಟ್ತು. ಕಾಲು ತಗಿ ಅನ್ನಾಕ ನಿಮಗೇನು ಧಾಡಿ ಆಗಿತ್ತು?”

ಹೆಂಗಸರಿಗೆ ವ್ಯಾಪಾರದ ಸೂಕ್ಷ್ಮ ತಿಳಿಯುವುದಿಲ್ಲವೆಂದು ಸುಮ್ಮನಾದೆ. ಸುಮ್ಮನಾಗುವುದರಲ್ಲಿ ಆಗಲೇ ನನಗೆ ಪ್ರಾವೀಣ್ಯ ಬಂದಿತ್ತು.

ಇಸವಿ ಎರಡು ಸಾವಿರ ದಾಟಿ, ಸಂತೆಗೆ ಮೊಬೈಲು ಕಾಲಿಡುವ ಹೊತ್ತಿಗೆ ಈ ವಿದ್ಯೆಯ ಫಲ ಎಲ್ಲರಿಗೂ ಸಮನಾಗಿ ಸಿಕ್ಕಿತ್ತು. ಹಾವೇರಿ ಸಂತೆಯ ಬೇವಿನ ಮರದ ಕೆಳಗೆ ಐದು ಜನ ದಲ್ಲಾಳಿಗಳು ಕೂತರೆ ಒಂದು ಸಣ್ಣ ಔಷಧಿ ಅಂಗಡಿ ತೆರೆಯಬಹುದಿತ್ತು. ಒಬ್ಬನಿಗೆ ಬಿ.ಪಿ., ಒಬ್ಬನಿಗೆ ನಿದ್ದೆಯಿಲ್ಲ, ಒಬ್ಬನಿಗೆ ಅರ್ಧ ತಲೆನೋವು, ನನಗೆ ಹೊಟ್ಟೆಯುರಿ. ಮಂಡಕ್ಕಿ ಮಿರ್ಚಿ ಹಂಚಿಕೊಂಡು ತಿನ್ನುವ ಜನ, ಗುಳಿಗೆಯನ್ನು ಮಾತ್ರ ಆಚೆ ಮುಖ ಮಾಡಿ ನುಂಗುತ್ತಿದ್ದೆವು. ಗುಳಿಗೆ ನುಂಗುವುದು ಕಂಡರೆ ಎದುರಿನವನು ರೇಟು ಇಳಿಸುತ್ತಾನೆಂಬ ಭಯ. ಕೇಳಿದವರಿಗೆಲ್ಲ ಒಂದೇ ಉತ್ತರ: ಪಿತ್ತ.

ಹಾವೇರಿಯ ಡಾಕ್ಟರೊಬ್ಬರು ನನ್ನ ಹೊಟ್ಟೆ ಒತ್ತಿ ನೋಡಿ, “ಏನರ ಚಿಂತಿ ಐತೇನ್ರಿ ಈರಪ್ಪ?” ಎಂದರು.

“ಏನೂ ಇಲ್ರಿ,” ಎಂದೆ.

ಪಕ್ಕದಲ್ಲಿದ್ದ ಶಾಂತವ್ವ, “ಹತ್ತು ವರ್ಷದಿಂದ ಎಲ್ಲಾರ ಮುಂದೂ ಇದನ್ನ ಹೇಳ್ತಾರ್ರಿ. ಏನೂ ಇಲ್ಲದ್ದು ಇಷ್ಟು ಉರಿತೈತೇನ್ರಿ?” ಎಂದಳು.

ಡಾಕ್ಟರು ನಕ್ಕು ಅವಳ ಬಿ.ಪಿ.ಯನ್ನೂ ನೋಡಿದರು. ಹದಿನೆಂಟು ವರ್ಷದವಳ ಹಾಗಿದೆ ಎಂದರು. ಇರದೆ ಏನು? ಅವಳಿಗೆ ಸಿಟ್ಟು ಬಂದರೆ ಮೊದಲು ಪಾತ್ರೆಗಳಿಗೆ ಗೊತ್ತಾಗುತ್ತದೆ, ಆಮೇಲೆ ನನಗೆ, ಆಮೇಲೆ ಓಣಿಗೆ. ಎಂಟು ಗಂಟೆಗೆ ಜಗಳ, ಒಂಬತ್ತಕ್ಕೆ ರೊಟ್ಟಿ ಬಡಿಯುತ್ತ ಹಾಡು. ಅಳು ಬಂದರೆ ಅತ್ತು, ಮೂಗು ಒರೆಸಿ, ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಾಳೆ. ಇಂಥವಳಿಗೆ ನಾನು, ಬೆಳಗ್ಗೆ ಸಂಜೆ ಗುಳಿಗೆ ನುಂಗುವವನು, ಸಂಯಮದ ಬಗ್ಗೆ ಉಪದೇಶ ಮಾಡುತ್ತಿದ್ದೆ.

ಅತ್ತು ಹಗುರಾಗುವುದು ಗಂಡಸರಿಗೂ ಬೇಕಾಗುತ್ತದೆಂದು ನನಗೆ ತೋರಿಸಿದ್ದು ಬ್ಯಾಡಗಿ. ಗಳಗನಾಥದ ಕಡೆಯ ಫಕೀರಪ್ಪ ಎಂಬ ರೈತ, ಮನೆಗೆ ಟ್ರ್ಯಾಕ್ಟರ್ ಬಂತೆಂದು ತನ್ನ ಜೋಡೆತ್ತನ್ನು ನನ್ನ ಮೂಲಕ ಮಾರಿದ. ಹನ್ನೊಂದು ವರ್ಷ ಸಾಕಿದ ಎತ್ತು. ಎತ್ತಿನ ಹಗ್ಗವನ್ನು ಕೊಂಡವನ ಕೈಗೆ ದಾಟಿಸುವಾಗ ಅವನ ಮುಖ ಬಂಡೆಗಲ್ಲು. ಎಂಥ ಗಟ್ಟಿ ಆಳು, ನಮ್ಮ ಕಸುಬಿಗೆ ಬರಬೇಕಿತ್ತು ಎಂದುಕೊಂಡೆ. ಎರಡು ದಿನ ಬಿಟ್ಟು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನೋಡುತ್ತೇನೆ, ಫಕೀರಪ್ಪ ಒಂದು ಕೆಂಪು ರಾಶಿಯ ಪಕ್ಕ ನಿಂತು ಬಳಬಳನೆ ಅಳುತ್ತಿದ್ದಾನೆ.

“ಏನಾತೋ ಫಕೀರಪ್ಪ?”

“ಘಾಟ್ರಿ, ಮೆಣಸಿನಕಾಯಿ ಘಾಟು.”

“ನಿನ್ನ ಮಾಲು ಎಲ್ಲೈತಿ?”

“ನಾ ಎಲ್ಲಿ ಮೆಣಸಿನಕಾಯಿ ಹಚ್ಚೇನ್ರಿ? ಸುಮ್ಮನ ಬಂದಿದ್ದೆ.” ಟವೆಲ್ಲಿನಿಂದ ಮುಖ ಒರೆಸಿಕೊಂಡ. “ಇಲ್ಲಿ ಯಾರೂ ಯಾಕಂತ ಕೇಳಂಗಿಲ್ಲ ನೋಡ್ರಿ. ಎದಿ ಹಗರಾತು.”

ಮೂವತ್ತು ಮೈಲಿ ಬಸ್ಸಿನಲ್ಲಿ ಬಂದು, ಸೀನುವ ಹಮಾಲರ ನಡುವೆ ನಿಂತು, ನೆಪದ ನೆರಳಿನಲ್ಲಿ ಅತ್ತು ಹೋಗುವ ಗಂಡಸು! ಆಮೇಲೆ ಗಮನಿಸಿದರೆ ಅವನೊಬ್ಬನೇ ಅಲ್ಲ. ಆ ಪೇಟೆಯಲ್ಲಿ ಒರೆಸಿಕೊಳ್ಳುವ ಕಣ್ಣೀರಿಗೆಲ್ಲ ಮೆಣಸಿನಕಾಯಿಯೇ ಕಾರಣವೆಂದು ನಾನು ಹೇಳಲಾರೆ. ಇದನ್ನು ಚನ್ನೀರಣ್ಣನಿಗೆ ಹೇಳಿದೆ. “ಶಾಣ್ಯಾ ಅದಾನ,” ಎಂದರು, ಅಷ್ಟೆ. ಅವರು ಅದೇ ರಾಶಿಗಳ ನಡುವೆ ನಡೆದು ಹೋದರೆ ಒಂದು ಸೀನೂ ಬರುತ್ತಿರಲಿಲ್ಲ. ಮೆಣಸಿನಕಾಯಿಯೂ ಅವರ ಮುಂದೆ ಸೋತಿತ್ತು.

ಚನ್ನೀರಣ್ಣನ ಮನೆಯಲ್ಲಿ ಆಗ ತಮ್ಮನೊಡನೆ ಮಾತು ನಿಂತು ಹನ್ನೊಂದನೆಯ ವರ್ಷ. ಒಂದೇ ಮನೆ, ನಡುವೆ ಒಂದು ಗೋಡೆ. ತಮ್ಮ ಕೆಮ್ಮಿದರೆ ಇವರಿಗೆ ಕೇಳಿಸುತ್ತದೆ, ಇವರು ಕೆಮ್ಮಿದರೆ ಅವನಿಗೆ. ಜಗಳಕ್ಕೆ ಕಾರಣ ಏನೆಂದು ನಾನು ಕೇಳಲಿಲ್ಲ. ಕೇಳಿದರೆ ಅವರು ಹೇಳುತ್ತಲೂ ಇರಲಿಲ್ಲ. ಅದೇ ದಿನಗಳಲ್ಲಿ ಅವರು ನಡೆಯುತ್ತ ನಡೆಯುತ್ತ ನಿಂತು, ಎಡಗೈಯಿಂದ ಎದೆ ಒತ್ತಿಕೊಳ್ಳುವುದನ್ನು ಕಂಡಿದ್ದೆ. ಸಂತೆಯಲ್ಲಿ ಎಲ್ಲರೂ ಕಂಡಿದ್ದರು. ಬೇರೆ ಕಸುಬಿನವರಾಗಿದ್ದರೆ ಏನಾಯಿತೆಂದು ಕೇಳುತ್ತಿದ್ದರೇನೋ. ನಮ್ಮಲ್ಲಿ ಎದೆ ಮುಟ್ಟಿಕೊಂಡವನು ಅಂಗಿಯ ಒಳಕಿಸೆಯಲ್ಲಿ ದುಡ್ಡು ಇದೆಯೋ ಇಲ್ಲವೋ ನೋಡಿಕೊಳ್ಳುತ್ತಿದ್ದಾನೆಂದೇ ಅರ್ಥ. “ಇವತ್ತ ಅಣ್ಣನ ಕಿಸೆ ಭಾರ ಐತಿ,” ಎಂದು ನಗುತ್ತಿದ್ದೆವು.

ಆ ದಿನ ಹಾವೇರಿ ಸಂತೆಯಲ್ಲಿ ಒಂದು ಒಳ್ಳೆಯ ಜೋಡಿ ಬಂದಿತ್ತು. ಮಾರುವವನ ಪರ ಚನ್ನೀರಣ್ಣ. ಕೊಳ್ಳುವವನು ಬ್ಯಾಡಗಿ ಕಡೆಯ ರೈತ, ಅವನ ಪರ ನಾನು. ಗುರುಶಿಷ್ಯರ ಕುಸ್ತಿ ಎಂದು ಜನ ಸೇರಿದರು. ನಾನು ಟವೆಲು ಹಾಸಿದೆ, ಅವರು ಕೈ ಕೊಟ್ಟರು.

ಅವರ ಕೈ ನನಗೆ ಇಪ್ಪತ್ತೈದು ವರ್ಷದ ಪರಿಚಯ. ಹಂಚಿನಿಂದ ಆಗ ತಾನೇ ತೆಗೆದ ರೊಟ್ಟಿಯ ಹಾಗೆ ಬಿಸಿಯಾಗಿ, ಒಣಗಿ ಇರುತ್ತಿತ್ತು. ಅಂದು ಅದು ಮಣ್ಣಿನ ಕೊಡದ ಹೊರಮೈಯ ಹಾಗೆ ತಣ್ಣಗಿತ್ತು, ಒದ್ದೆಯಾಗಿತ್ತು. ಅವರೇ ಕಲಿಸಿದ ಪಾಠ ನನ್ನ ತಲೆಯಲ್ಲಿ ಗಂಟೆ ಹೊಡೆಯಿತು: ಕೈ ಬೆವರಿದವನಿಗೆ ಮಾರುವ ಅವಸರ ಇರುತ್ತದೆ, ಬಿಡಬೇಡ, ಹಿಂಡು.

ಹಿಂಡಿದೆ. ಅವರು ಹಿಡಿದ ಬೆರಳಿನಿಂದ ಎರಡು ಬೆರಳು ಕೆಳಗಿಳಿಸಿದೆ. ಕೊಸರಬೇಕಾದ ಕೈ ಕೊಸರಲಿಲ್ಲ. ಇನ್ನೊಂದು ಇಳಿಸಿದೆ. ಒತ್ತಿದರು. ವ್ಯಾಪಾರ ಮುಗಿಯಿತು! ಇಪ್ಪತ್ತೈದು ವರ್ಷದಲ್ಲಿ ಯಾರಿಗೂ ಆಗದ್ದು ನನಗಾಯಿತೆಂದು ಒಳಗೊಳಗೇ ಹಿಗ್ಗಿದೆ. ಮುಖದ ಮೇಲೆ, ಕೇಳಬೇಡಿ, ಒಂದು ಗೆರೆಯೂ ಇಲ್ಲ.

ಚನ್ನೀರಣ್ಣ ಬೇವಿನ ಬೇರಿನ ಮೇಲೆ ಕೂತರು. ಇದು ಹೊಸ ಪಟ್ಟು ಇರಬಹುದು, ವ್ಯಾಪಾರ ಮುರಿಯುವ ಹಂಚಿಕೆ ಇರಬಹುದು ಎಂದು ನಾನು ಎಚ್ಚರವಾದೆ.

“ಏನಾತ್ರಿ ಅಣ್ಣಾ?”

“ಏನಿಲ್ಲಲೇ. ಪಿತ್ತ. ಒಂದು ಸೋಡಾ ತರಿಸು.”

ಸೋಡಾ ತರಿಸಿದೆ. ಪಿತ್ತ ಎಂದರೆ ನಂಬಿದೆ, ಏಕೆಂದರೆ ನಂಬುವುದು ನನಗೆ ಅನುಕೂಲವಾಗಿತ್ತು. ನನ್ನ ಪಕ್ಕದಲ್ಲಿದ್ದ ಬ್ಯಾಡಗಿಯ ರೈತ, ದಲ್ಲಾಳಿಯ ವಿದ್ಯೆ ಒಂದಿಷ್ಟೂ ಕಲಿಯದ ಪುಣ್ಯಾತ್ಮ, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ: “ದಲ್ಲಾಳ್ರ, ಎತ್ತು ಆಮ್ಯಾಲ ನೋಡೂಣಂತ. ಮೊದ್ಲ ಅವರ ಮಾರಿ ನೋಡ್ರಿ, ಸುಣ್ಣ ಬಳದಂಗ ಆಗೈತಿ!”

ಆಗ ನೋಡಿದೆ. ಆವರೆಗೂ ಕೈ ಓದುತ್ತಿದ್ದವನು ಮುಖ ನೋಡಿರಲೇ ಇಲ್ಲ.

ಎಬ್ಬಿಸಿ ಟಂಟಂ ಆಟೋದಲ್ಲಿ ಹಾಕಿಕೊಂಡು ಹೊರಟರೆ ದಾರಿಯುದ್ದಕ್ಕೂ ತಕರಾರು. “ನಡು ಸಂತ್ಯಾಗ ಎದ್ದು ಬಂದ್ರ ಮಂದಿ ಏನಂದಾರಲೇ? ಚನ್ನೀರ ಮೆತ್ತಗಾದ ಅಂತಾರ. ನಾಳೆ ನನ್ನ ಕೈ ಯಾರು ಹಿಡಿತಾರ?” ಸಾಯುವುದಕ್ಕಿಂತ ರೇಟು ಇಳಿಯುವುದರ ಚಿಂತೆ.

ನನ್ನ ಹೊಟ್ಟೆ ಒತ್ತಿದ್ದ ಡಾಕ್ಟರೇ ಇದ್ದರು. ಮಲಗಿಸಿ, ಎದೆಗೆ ತಂತಿ ಹಚ್ಚಿ ಇ.ಸಿ.ಜಿ. ತೆಗೆದರು. ಆ ಉದ್ದನೆಯ ಕಾಗದ ನೋಡುತ್ತ ಹುಬ್ಬು ಗಂಟಿಕ್ಕಿದರು. ಸ್ಪಷ್ಟ ಇರಲಿಲ್ಲವಂತೆ.

“ಯಾವಾಗಿಂದ ನೋಯಾಕತ್ತೈತ್ರಿ?”

“ಈಗ ರೀ. ಹತ್ತು ನಿಮಿಷ ಆತು.”

“ಭಾಳ ಐತೇನು?”

“ಏ, ಚೂರು ರೀ. ಪಿತ್ತ ಅದು.”

ನೋವಿಗೂ ರೇಟು ಇಳಿಸುತ್ತಿದ್ದರು! ಡಾಕ್ಟರು ನನ್ನ ಕಡೆ ತಿರುಗಿ, “ಹತ್ತ ನಿಮಿಷ ಅಂದ್ರ ಗುಳಿಗಿ ಕೊಟ್ಟು ಒಂದು ತಾಸು ಕುಂದ್ರಿಸಿ ನೋಡಬಹುದು. ಮೊದ್ಲಿಂದ ಇದ್ರ ಕುಂದ್ರಿಸೂದು ಸರಿ ಅಲ್ಲ, ಹುಬ್ಬಳ್ಳಿಗೆ ಕಳಸಬೇಕು. ಖರೇ ಹೇಳ್ರಿ ಅಂತ ಹೇಳ್ರಿ ಅವ್ರಿಗೆ,” ಎಂದರು.

ಚನ್ನೀರಣ್ಣ ಸೂರು ನೋಡುತ್ತ ಮಲಗಿದ್ದರು. ಅದೇ ಬಂಡೆಗಲ್ಲು ಮುಖ. ಬಾಯಿಂದ ಏನೂ ಬರುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೆಗಲ ಮೇಲಿನ ಟವೆಲು ತೆಗೆದು ಅವರ ಕೈ ಮೇಲೆ ಹೊದಿಸಿ, ಒಳಗೆ ಕೈ ಹಾಕಿದೆ. ರೂಢಿಯ ಹಾಗೆ ಬಾಯಲ್ಲಿ ಲೆಕ್ಕದ ಹೆಸರನ್ನಷ್ಟೇ ಹೇಳಿದೆ.

“ದಿವಸ.”

ಸೂರಿನಿಂದ ಕಣ್ಣು ತೆಗೆಯಲಿಲ್ಲ. ನನ್ನ ನಾಲ್ಕು ಬೆರಳು ಹಿಡಿದರು.

“ಇವತ್ತ? ತಾಸು.”

ಮೂರು ಬೆರಳು.

ನಾಲ್ಕು ದಿನದಿಂದ ಬಂದು ಹೋಗುತ್ತಿದ್ದ ನೋವು. ಅಂದು ಮೂರು ತಾಸಿನಿಂದ ಬಿಟ್ಟಿರಲೇ ಇಲ್ಲ. ಆ ನೋವನ್ನು ಎದೆಯಲ್ಲಿ ಇಟ್ಟುಕೊಂಡೇ ನನಗೆ ಕೈ ಕೊಟ್ಟಿದ್ದರು, ನಾನು ಅದನ್ನು ಲಾಭಕ್ಕೆ ಹಿಂಡಿದ್ದೆ. ಹೇಳದಿದ್ದರೆ ಜೀವ ಹೋಗುತ್ತದೆ, ಹೇಳಿದರೆ ಕಸುಬಿನ ಆಣೆ ಮುರಿಯುತ್ತದೆ. ದೊಡ್ಡ ಯೋಚನೆ ಮಾಡಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಬಾಯಿ ತಾನೇ ಬಿಟ್ಟುಕೊಂಡಿತು.

“ನಾಕು ದಿನದಿಂದ ಐತ್ರಿ. ಇವತ್ತ ಮೂರು ತಾಸು ಆಗೈತಿ.”

ಚನ್ನೀರಣ್ಣ ಟವೆಲ್ಲಿನೊಳಗಿನಿಂದ ಕೈ ಎಳೆದುಕೊಂಡರು. ನನ್ನ ಕಡೆ ನೋಡಿದರು. ಆ ನೋಟಕ್ಕೆ ಹೋಲಿಸಿದರೆ ಎತ್ತಿನ ಕಾಲು ಬೀಳುವುದು ಏನೂ ಅಲ್ಲ.

ಡಾಕ್ಟರು ತಡ ಮಾಡಲಿಲ್ಲ. ಔಷಧಿ ಕೊಟ್ಟು, ಅಂಬುಲೆನ್ಸ್ ಹತ್ತಿಸಿ, ಹುಬ್ಬಳ್ಳಿಗೆ ಫೋನು ಮಾಡಿದರು. ಗುರು ಬದುಕಿದರು.

ಆಮೇಲೆ ಒಂದು ದಿನ ಆ ಡಾಕ್ಟರನ್ನು ಕೇಳಿದೆ: “ಮನಸಿನ್ಯಾಗ ಇಟ್ಕೊಂಡಿದ್ದಕ್ಕ ಹಿಂಗಾತೇನ್ರಿ?” ಚೌಕಾಸಿ ಮಾಡುವವನಿಗೆ ಪೂರಾ ರೇಟು ಯಾರೂ ಹೇಳುವುದಿಲ್ಲ, ಅವರೂ ಹೇಳಲಿಲ್ಲ. “ತಂಬಾಕು ಐತಿ, ಸಕ್ರಿ ಕಾಯಿಲೆ ಐತಿ, ವಯಸ್ಸು ಐತಿ. ಒಳಗ ಕುದ್ದಿದ್ದು ಎಷ್ಟು ಪಾಲು ಅಂತ ತೂಗಾಕ ನನ್ನ ಹತ್ರ ತಕ್ಕಡಿ ಇಲ್ಲ. ಆದ್ರ ಹೇಳದ ಕುಂತಿದ್ರಲ್ಲ ಮೂರು ತಾಸು, ಅದು ಮಾತ್ರ ಪೂರಾ ನಿಮ್ಮ ಕಸಬಿಂದು.” ಇದಕ್ಕಿಂತ ಹೆಚ್ಚು ನಾನೂ ಹೇಳುವುದಿಲ್ಲ. ಬಾಯಿಬಿಟ್ಟು ಮಾತಾಡಿದರೆ ಎಲ್ಲ ರೋಗವೂ ಹೋಗುತ್ತದೆ ಎನ್ನುವವನನ್ನು ನಂಬಬೇಡಿ. ಅವನು ನಿಮಗೆ ಮುದಿ ಎತ್ತನ್ನು ನಾಲ್ಕು ಹಲ್ಲಿನ ಎಳೆ ಹೋರಿಯೆಂದು ಮಾರುತ್ತಾನೆ.

ಗುರುವನ್ನು ಹುಬ್ಬಳ್ಳಿಗೆ ಕಳಿಸಿದ ರಾತ್ರಿಯಲ್ಲ, ಮಾರನೆಯ ಮಧ್ಯಾಹ್ನ, ಊಟಕ್ಕೆ ಕೂತಾಗ ಶಾಂತವ್ವನಿಗೆ ಎಲ್ಲ ಹೇಳಿದೆ. ತಣ್ಣನೆಯ ಕೈ ಹಿಂಡಿದ್ದನ್ನೂ ಹೇಳಿದೆ, ಹಿಗ್ಗಿದ್ದನ್ನೂ ಹೇಳಿದೆ. ಸಮಾಧಾನ ಮಾಡುತ್ತಾಳೆಂದುಕೊಂಡಿದ್ದೆ.

“ಕೈ ತಣ್ಣಗ ಹತ್ತಿದಾಗ, ಅಣ್ಣಾ ಮೈಯಾಗ ಹುಷಾರಿಲ್ಲೇನ್ರಿ ಅಂತ ಒಂದು ಮಾತು ಕೇಳಾಕ ನಿಮಗ ಎಷ್ಟು ಖರ್ಚು ಬರ್ತಿತ್ತು?”

ಖರ್ಚೇನೂ ಬರುತ್ತಿರಲಿಲ್ಲ. ಅದಕ್ಕೇ ನಮ್ಮ ಲೆಕ್ಕಕ್ಕೆ ಬರಲಿಲ್ಲ. ಅವಳು ಬೈದು ಮುಗಿಸುವ ಹೊತ್ತಿಗೆ ಅನ್ನ ಆರಿತ್ತು. ಆ ಮಧ್ಯಾಹ್ನ ನಾನು ಎಷ್ಟೋ ವರ್ಷದ ನಂತರ ಗೊರಕೆ ಹೊಡೆದೆನಂತೆ. ಹೊಟ್ಟೆಯುರಿಯ ಗುಳಿಗೆ ನಿಲ್ಲಲಿಲ್ಲ, ಎರಡರಿಂದ ಒಂದಕ್ಕೆ ಇಳಿಯಿತು. ಚೌಕಾಸಿಯಲ್ಲಿ ಅರ್ಧಕ್ಕೆ ಅರ್ಧ ಇಳಿದರೆ ಒಳ್ಳೆಯ ವ್ಯಾಪಾರ.

ಚನ್ನೀರಣ್ಣ ಎರಡು ತಿಂಗಳಿಗೆ ಸಂತೆಗೆ ಬಂದರು. ನನ್ನ ಮುಂದೆಯೇ ಹಾದುಹೋಗಿ, ಬೇವಿನ ಕೆಳಗೆ ಕೂತು, ಎಲ್ಲರಿಗೂ ಕೇಳುವಂತೆ, “ಈರ್ಯಾನ ಹೊಟ್ಟ್ಯಾಗ ಮಾತು ನಿಲ್ಲಂಗಿಲ್ಲ. ಅವನ ಟವೆಲ್ಲಿನ್ಯಾಗ ಕೈ ಹಾಕಬ್ಯಾಡ್ರಿ,” ಎಂದರು. ಜೀವ ಉಳಿಸಿದ್ದಕ್ಕೆ ಸಿಕ್ಕ ಬಹುಮಾನ ಇದು. ಮುಂದಿನ ಒಂದು ವರ್ಷ ನನ್ನ ವ್ಯಾಪಾರ ಅರ್ಧಕ್ಕೆ ಬಿತ್ತು. ಸಂತೆಯಲ್ಲಿ ಕೈ ಕೊಡದವರು ಮಾತ್ರ ಬಸ್‌ಸ್ಟ್ಯಾಂಡಿನ ಹಿಂದೆ ಒಬ್ಬೊಬ್ಬರೇ ಸಿಗುತ್ತಿದ್ದರು. “ಆ ಡಾಕ್ಟರ್ ಎಲ್ಲಿರ್ತಾರಪ್ಪ? ನನಗಲ್ಲ, ನಮ್ಮ ದೋಸ್ತ ಒಬ್ಬಾವ ಅದಾನ, ಅವಗ ಎದಿ ಹಿಡದಂಗ ಆಗ್ತೈತಂತ.” ಹಾವೇರಿ ತಾಲ್ಲೂಕಿನಲ್ಲಿ ಅಷ್ಟೊಂದು ಕಾಯಿಲೆಯ ದೋಸ್ತರಿದ್ದಾರೆಂದು ನನಗೆ ಗೊತ್ತಿರಲಿಲ್ಲ. ನಾನು ಎಲ್ಲ ದೋಸ್ತರಿಗೂ ಡಾಕ್ಟರ ವಿಳಾಸ ಬರೆದುಕೊಟ್ಟೆ, ಬಿಟ್ಟಿಯಾಗಿ. ನನ್ನ ಜೀವನದಲ್ಲಿ ದಲ್ಲಾಳಿ ದುಡ್ಡು ತೆಗೆದುಕೊಳ್ಳದ ಕೆಲಸ ಅದೊಂದೇ.

ಅಷ್ಟರಲ್ಲಿ ಟವೆಲ್ಲಿಗೂ ಕೊನೆಗಾಲ ಬಂದಿತ್ತು. ಜನ ಮೊಬೈಲಿನ ಮೇಲೆ ಅಂಕಿ ಒತ್ತಿ ತೋರಿಸತೊಡಗಿದರು. ತಣ್ಣಗಿನ ಕೈ ಯಾವುದು, ಬಿಸಿ ಕೈ ಯಾವುದು, ಯಾರಿಗೂ ತಿಳಿಯದಂತಾಯಿತು. ಇದನ್ನು ಸುಧಾರಣೆ ಎನ್ನುತ್ತಾರೆ.

ವರ್ಷ ಒಂದೂವರೆ ಕಳೆದಿರಬೇಕು. ರಾಣೆಬೆನ್ನೂರು ಸಂತೆ. ಚಹಾದ ಅಂಗಡಿಯ ಮುಂದೆ ಹತ್ತು ಹದಿನೈದು ದಲ್ಲಾಳಿಗಳು ನಿಂತಿದ್ದೆವು. ಅಷ್ಟು ದಿನ ನನ್ನೊಡನೆ ತುಟಿ ಬಿಚ್ಚದ ಚನ್ನೀರಣ್ಣ ನೆಟ್ಟಗೆ ನನ್ನ ಎದುರು ಬಂದು ನಿಂತರು. ಮುಖ ಕೆಂಪಾಗಿತ್ತು, ನೋವಿಗೋ ನಾಚಿಕೆಗೋ ತಿಳಿಯಲಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದರು:

“ಈರ್ಯಾ, ನನ್ನ ಎದಿ ನೋಯಾಕತ್ತೈತಿ. ಬೆಳಿಗ್ಗಿಂದ ಐತಿ. ನನಗ ಅಂಜಿಕಿ ಆಗೈತಿ, ನಡಿ.”

ಚಹಾದ ಲೋಟಗಳು ತುಟಿಯ ಹತ್ತಿರ ನಿಂತವು. ನಾನು ಹಾವೇರಿಯ ಅದೇ ಡಾಕ್ಟರ ಹತ್ತಿರ ಹೋಗಲು ಬಾಡಿಗೆ ಜೀಪು ಮಾಡಿದೆ. ಅವರು ಹಾವೇರಿ ಬರುವ ತನಕ ಬಾಯಿ ಮುಚ್ಚಲಿಲ್ಲ. ತಮ್ಮನ ವಿಷಯ ಹೇಳಿದರು. ಜಗಳ ಹುಟ್ಟಿದ್ದು ಒಂದು ನುಗ್ಗೆಗಿಡದ ಟೊಂಗೆಯಿಂದಂತೆ. ಗೋಡೆಯಾಚೆ ತಮ್ಮ ಕೆಮ್ಮಿದಾಗಲೆಲ್ಲ ಎದ್ದು ಕೂರುತ್ತಾರಂತೆ, ನೀರು ಕೊಡುವವರಿದ್ದಾರೋ ಇಲ್ಲವೋ ಎಂದು ಕಿವಿಗೊಡುತ್ತಾರಂತೆ. ಹುಬ್ಬಳ್ಳಿ ಆಸ್ಪತ್ರೆಯಲ್ಲಿದ್ದಾಗ ಅವನು ಬಂದು ಬಾಗಿಲಲ್ಲಿ ನಿಂತು ಹೋಗಿದ್ದನಂತೆ, ಇವರು ನಿದ್ದೆ ಬಂದವರ ಹಾಗೆ ಮಲಗಿದ್ದರಂತೆ. ಡ್ರೈವರು ಎರಡು ಸಲ ಹಿಂತಿರುಗಿ ನೋಡಿದ. ಅವನು ಕೇಳಿಸಿಕೊಳ್ಳುತ್ತಾನೆಂಬ ಪರಿವೆಯೂ ಅವರಿಗಿರಲಿಲ್ಲ.

ಡಾಕ್ಟರು ಎರಡು ತಾಸು ಇರಿಸಿಕೊಂಡು ಎರಡೆರಡು ಸಲ ಪರೀಕ್ಷೆ ಮಾಡಿದರು. ಹೃದಯಕ್ಕೆ ಏನೂ ಆಗಿಲ್ಲವೆಂದರು. ನಿನ್ನೆ ಏನಾದರೂ ಭಾರ ಎತ್ತಿದ್ದೀರಾ ಎಂದು ಕೇಳಿದರು. ಚನ್ನೀರಣ್ಣ ಹುಲ್ಲಿನ ಹೊರೆ ಎತ್ತಿದ್ದರು. ಪಕ್ಕೆಯ ಸ್ನಾಯು ಹಿಡಿದಿತ್ತು.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರು. ಸಿಟ್ಟಿನಿಂದ ಮೀಸೆ ಅದುರುತ್ತಿತ್ತು.

“ಒಂದು ಹುಲ್ಲಿನ ಹೊರಿಗೆ ನಾ ಇಷ್ಟೆಲ್ಲಾ ಬಾಯಿ ಬಿಟ್ಟೆನೇನಲೇ? ಸಂತ್ಯಾಗ ಮಂದಿ ಮುಂದ ಅಂಜಿಕಿ ಅಂದ್ನಲ್ಲೋ! ಜೀಪಿನ್ಯಾಗ ತಮ್ಮನ ಸುದ್ದಿ ಹೇಳಿದ್ನಲ್ಲ, ಅದನ್ನಷ್ಟೂ ವಾಪಸ್ ಕೊಡು!”

“ಹಗ್ಗ ದಾಟಿದ ಮ್ಯಾಲ ಮಾಲು ವಾಪಸ್ ಇಲ್ರಿ ಅಣ್ಣಾ. ಇದೂ ನೀವ ಕಲಿಸಿದ್ದು.”

ಬೈಯಲು ಶುರು ಮಾಡಿದರು. ನನ್ನನ್ನು, ಡಾಕ್ಟರನ್ನು, ಹುಲ್ಲಿನ ಹೊರೆಯನ್ನು, ಅದನ್ನು ಕಟ್ಟಿದವನನ್ನು, ನುಗ್ಗೆಗಿಡ ನೆಟ್ಟ ಸ್ವಂತ ಅಪ್ಪನನ್ನೂ ಬಿಡಲಿಲ್ಲ. ಅಚ್ಚಿಗೆ ಬಾರದ ಮಾತುಗಳು. ಆಸ್ಪತ್ರೆಯ ಜನ ಕಿಟಕಿಗೆ ಬಂದರು. ಅವರ ಜೊತೆಗಿನ ಅಷ್ಟು ವರ್ಷಗಳಲ್ಲಿ ಆ ಬಾಯಿಂದ ಒಂದು ಬೈಗುಳವನ್ನೂ ನಾನು ಕೇಳಿರಲಿಲ್ಲ. ಅವರ ತೋಳು ಹಿಡಿದುಕೊಂಡು, ಒಂದೊಂದೇ ಮೆಟ್ಟಿಲನ್ನು, ಆದಷ್ಟು ನಿಧಾನವಾಗಿ ಇಳಿದೆ.